ಸದ್ಯಕ್ಕೆ ಟ್ರೈನಿಂಗು

ಎಸ್ಸೆಸ್ಸೆಲ್ಸಿ ಫೇಲಾದವರನ್ನು ಸರ್ಕಾರ ಮರ್ಯಾದೆ ಕೊಟ್ಟು ಕರೆದದ್ದನ್ನು ನಾನು ಮೊದಲು ಕಂಡಿದ್ದು ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆಯ ಪ್ರಕಟಣೆಯಲ್ಲಿ. 1993ರ ಗಾಂಧಿ ಜಯಂತಿಯಂದು ಶುರುವಾದ ಈ ಯೋಜನೆ ಮೊದಲ ವರ್ಷ ಪಟ್ಟಣಗಳಲ್ಲಷ್ಟೇ ಓಡಾಡಿಕೊಂಡಿದ್ದು, ಮರುವರ್ಷ ಕೊಬ್ಬರಿ ಸೀಮೆಯ ನಮ್ಮ ಹೋಬಳಿಗೂ ಕಾಲಿಟ್ಟಿತು. ವಯಸ್ಸು 18ರಿಂದ 35, ಮನೆಯ ವರಮಾನ ವರ್ಷಕ್ಕೆ 24,000 ರೂಪಾಯಿ ಮೀರಬಾರದು, ವಿದ್ಯಾರ್ಹತೆ ಮೆಟ್ರಿಕ್, ಪಾಸು ಅಥವಾ ಫೇಲು. ಪಂಚಾಯಿತಿ ಕಚೇರಿ ಗೋಡೆಗೆ ಅಂಟಿಸಿದ್ದ ಆ ಹಾಳೆಯನ್ನು ಗಣಿತಕ್ಕೆ ಮೇಲಿಂದ ಮೇಲೆ ಕಟ್ಟಿ ಸೋತಿದ್ದ ಹುಡುಗನೊಬ್ಬ ಗಟ್ಟಿಯಾಗಿ ಓದಿ, "ನೋಡ್ರೋ, ನಮ್ದೂ ಒಂದು ಕ್ವಾಲಿಫಿಕೇಷನ್ನು" ಅಂದ. ಬಿ.ಎ. ಮುಗಿಸಿಕೊಂಡಿದ್ದ ನನಗೆ ಹೊಟ್ಟೆ ಚುರುಕ್ ಎಂದಿತು. ಅವನಿಗಿಂತ ಐದು ವರ್ಷ ಹೆಚ್ಚಿಗೆ ಓದಿ ನಾನು ಸಂಪಾದಿಸಿದ್ದು ಅದೇ ಸಾಲಿನಲ್ಲಿ ಅವನ ಹಿಂದೆ ನಿಲ್ಲುವ ಹಕ್ಕು.

ಅಷ್ಟರಲ್ಲಾಗಲೇ ನಾನು ಉದ್ಯೋಗ ವಿನಿಮಯ ಕಚೇರಿಯ ಕಾರ್ಡುದಾರನೂ ಆಗಿದ್ದೆ. ಈ ಕಚೇರಿಗಳು ನಮ್ಮ ದೇಶದಲ್ಲಿ ಹುಟ್ಟಿದ್ದು 1945ರಲ್ಲಿ, ಎರಡನೇ ಮಹಾಯುದ್ಧ ಮುಗಿಸಿಕೊಂಡು ಮನೆಗೆ ಬಂದ ಸೈನಿಕರಿಗೆ ಕೆಲಸ ಹುಡುಕಿಕೊಡಲು. ಆಮೇಲೆ ಯಾವ ಯುದ್ಧವನ್ನೂ ಮಾಡದ ನಮ್ಮಂಥವರಿಗೂ ಬಾಗಿಲು ತೆರೆಯಿತು. 1959ರಲ್ಲಿ ಇದಕ್ಕೊಂದು ಕಾಯಿದೆಯೂ ಬಂತು. ಸರ್ಕಾರಿ ಸಂಸ್ಥೆಗಳು, ಇಪ್ಪತ್ತೈದು ಮತ್ತು ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳು ತಮ್ಮಲ್ಲಿ ಜಾಗ ಖಾಲಿಯಾದರೆ ಈ ಕಚೇರಿಗೆ ತಿಳಿಸಲೇಬೇಕಿತ್ತು. ಎಂಥ ಒಳ್ಳೆಯ ಕಾಯಿದೆ ಅಂದುಕೊಳ್ಳುವಷ್ಟರಲ್ಲಿ ಅದರದೇ ಇನ್ನೊಂದು ಉಪಕಲಂ ಎದುರಾಗುತ್ತಿತ್ತು. ತಿಳಿಸಬೇಕಿತ್ತು ನಿಜ, ಆದರೆ ಆ ಕಚೇರಿ ಕಳಿಸಿದವರನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡೇನಿರಲಿಲ್ಲ. ಮದುವೆಗೆ ಕರೆಯೋಲೆ ಕೊಟ್ಟು, ಊಟದ ಹೊತ್ತಿಗೆ ಚೌಲ್ಟ್ರಿ ಬಾಗಿಲು ಹಾಕಿಕೊಂಡ ಹಾಗೆ.

ಮೂರು ವರ್ಷಕ್ಕೊಮ್ಮೆ ಕಾರ್ಡನ್ನು ನವೀಕರಿಸಬೇಕಿತ್ತು. ಆ ಕೆಲಸವನ್ನು ನಮ್ಮಪ್ಪ ಸ್ವಂತಕ್ಕೆ ವಹಿಸಿಕೊಂಡಿದ್ದರು. ಎಮ್ಮೆಗೆ ಸೂಜಿ ಹಾಕಿಸುವ ತಾರೀಖು, ಸೊಸೈಟಿ ಸಾಲದ ಕಂತಿನ ತಾರೀಖು, ನನ್ನ ನಿರುದ್ಯೋಗ ನವೀಕರಣದ ತಾರೀಖು, ಮೂರೂ ಒಂದೇ ಪಂಚಾಂಗದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿರುತ್ತಿದ್ದವು. ನನಗೆ ಕೆಲಸ ಸಿಕ್ಕು, ಮದುವೆಯಾಗಿ, ಮಗಳು ಶಾಲೆಗೆ ಸೇರಿದ ಮೇಲೂ ಅವರು ಗುಟ್ಟಾಗಿ ನವೀಕರಣ ಮಾಡಿಸುತ್ತಲೇ ಇದ್ದರು ಎಂಬುದು ಬಹಳ ತಡವಾಗಿ ಗೊತ್ತಾಯಿತು. ಕೇಳಿದರೆ, "ಇರ್ಲಿ ಬಿಡಪ್ಪ, ಅದೇನು ಅನ್ನ ಕೇಳುತ್ತಾ?" ಅಂದರು.

ನಿರುದ್ಯೋಗಿಗೆ ಹಣದ ತಾಪತ್ರಯಕ್ಕಿಂತ ಮೊದಲು ಬರುವುದು ಉತ್ತರದ ತಾಪತ್ರಯ. ದುಡ್ಡಿಲ್ಲದಿದ್ದರೆ ಅಮ್ಮನ ಸಾಸಿವೆ ಡಬ್ಬಿಯಾದರೂ ಇದೆ. "ಏನ್ಮಾಡ್ಕೊಂಡಿದೀಯಪ್ಪಾ ಈಗ?" ಎಂಬ ಪ್ರಶ್ನೆಗೆ ಯಾವ ಡಬ್ಬಿಯಲ್ಲಿ ಕೈ ಹಾಕುವುದು? ಕೇಳುವವರು ಕೆಟ್ಟವರೇನಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು, ಕ್ಷೌರದ ಅಂಗಡಿಯಲ್ಲಿ ಸರದಿ ಕಾಯುವವರು, ನಾಮಕರಣದ ಪಂಕ್ತಿಯಲ್ಲಿ ಎದುರು ಕೂತ ದೊಡ್ಡಪ್ಪನ ಬೀಗರು. ಅವರಿಗೆ ಮಾತಿಗೊಂದು ಮಾತು ಬೇಕು, ಅಷ್ಟೇ. ನಮಗೆ ಮಾತ್ರ ಗಂಟಲಲ್ಲಿ ಹೋಳಿಗೆ ನಿಲ್ಲುತ್ತದೆ. ನಿರುದ್ಯೋಗ ನಿವಾರಣೆಗೆಂದು ಸರ್ಕಾರ ಖರ್ಚು ಮಾಡಿದ ಹಣಕ್ಕೆ ಲೆಕ್ಕ ಕೇಳುವ ಅರ್ಥಶಾಸ್ತ್ರಜ್ಞರು ಈ ಒಂದು ಬಾಬತ್ತನ್ನು ಹಿಡಿದಂತೆ ಕಾಣುವುದಿಲ್ಲ. ಕೆಲಸ ಎಷ್ಟು ಜನಕ್ಕೆ ಸಿಕ್ಕಿತೋ, ಉತ್ತರವಂತೂ ಅರ್ಜಿ ಹಾಕಿದ ಎಲ್ಲರಿಗೂ ಸಿಕ್ಕಿತು. ಸದ್ಯಕ್ಕೆ ಟ್ರೈನಿಂಗಲ್ಲಿದೀನಿ.

ಆ ಟ್ರೈನಿಂಗಿಗೆ ತಲುಪಲು ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದ ಸಂದರ್ಶನ ದಾಟಬೇಕು. ಅದಕ್ಕೆ ಯೋಜನಾ ವರದಿ ಬೇಕು. ಕಚೇರಿಯೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಆ ವರದಿ ಸಿದ್ಧವಾಗಿಯೇ ಸಿಗುತ್ತಿತ್ತು. ಹೆಸರಿನ ಜಾಗ ಖಾಲಿ, ಉಳಿದದ್ದೆಲ್ಲ ಭರ್ತಿ. ಆ ವರ್ಷಗಳಲ್ಲಿ ಎಲ್ಲರ ಕಣ್ಣೂ ಎಸ್‌ಟಿಡಿ ಬೂತಿನ ಮೇಲೆ. ಹಳದಿ ಬೋರ್ಡು, ಗಾಜಿನ ಗೂಡು, ಒಳಗೆ ಸಣ್ಣ ಫ್ಯಾನು, ಕೆಂಪಕ್ಷರದಲ್ಲಿ ಓಡುವ ಮೀಟರು. ರಾತ್ರಿ ಹನ್ನೊಂದಾದ ಮೇಲೆ ಕಾಲು ಚಾರ್ಜು ಎಂದು ಬೊಂಬಾಯಿಯ ಮಗನಿಗೆ ಮಾತಾಡಲು ತಾಯಂದಿರು ಶಾಲು ಹೊದ್ದು ಕಾಯುತ್ತಿದ್ದ ಕಾಲ. ನನ್ನ ವರದಿಯೂ ಎಸ್‌ಟಿಡಿ ಬೂತಿನದೇ. ಸಂದರ್ಶನದಲ್ಲಿ ಅಧಿಕಾರಿಯೊಬ್ಬರು ವರದಿಯ ಕೊನೆಯ ಪುಟ ತೆಗೆದು, "ಮೂರನೇ ವರ್ಷದ ನಿಮ್ಮ ನಿವ್ವಳ ಲಾಭ, ಬೆಳಗ್ಗೆಯಿಂದ ಬಂದ ಎಲ್ಲರ ಲಾಭಕ್ಕೂ ರೂಪಾಯಿ ಪೈಸೆ ಸಮೇತ ತಾಳೆಯಾಗ್ತಿದೆಯಲ್ರೀ" ಅಂದರು. ಪಕ್ಕದಲ್ಲಿದ್ದ ಬ್ಯಾಂಕಿನವರು ನಕ್ಕರು. ನಾನೂ ನಕ್ಕೆ. ಒಂದು ಲಕ್ಷದವರೆಗೆ ಸಾಲ, ಶೇ 15ರಷ್ಟು ಸಹಾಯಧನ, ಅದೂ 7,500 ರೂಪಾಯಿ ದಾಟದಂತೆ. ನಕ್ಕವರಿಗೆ ಮಂಜೂರಾಯಿತು ಎಂದು ಕಾಣುತ್ತದೆ. ಪತ್ರ ಬಂತು.

ಮಂಜೂರಾದ ಮೇಲೆ, ಸಾಲ ಕೈಗೆ ಬರುವ ಮೊದಲು, ಕಡ್ಡಾಯ ತರಬೇತಿ. ಊರಾಚೆಯ ಹಳೇ ಹಾಸ್ಟೆಲಿನ ಹಾಲು. ಜಮಖಾನ, ಕರಿಹಲಗೆ, ಹನ್ನೊಂದು ಗಂಟೆಗೆ ಟೀ ಜೊತೆಗೆ ಎರಡು ಗ್ಲೂಕೋಸ್ ಬಿಸ್ಕತ್ತು. ತರಬೇತಿದಾರರು ನಮಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಸಫಾರಿ ಹಾಕಿಕೊಂಡು, ಬಗಲಲ್ಲಿ ರೆಗ್ಜಿನ್ ಬ್ಯಾಗು ಹಿಡಿದು ಬರುತ್ತಿದ್ದರು. ಎರಡನೇ ದಿನ ಆ ಬ್ಯಾಗಿನಿಂದ ಅವರು ಒಂದು ಮರದ ಗೂಟ, ಹಗ್ಗ ಸುತ್ತಿ ಮಾಡಿದ ನಾಲ್ಕು ಬಳೆ ತೆಗೆದರು. ಗೂಟವನ್ನು ಹಾಲಿನ ನಡುವೆ ನಿಲ್ಲಿಸಿ, ಹತ್ತಿರದಿಂದ ದೂರದವರೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, "ನಿಮಗಿಷ್ಟ ಬಂದ ಗೆರೆ ಮೇಲೆ ನಿಂತು ಬಳೆ ಎಸೀರಿ" ಅಂದರು.

ಈ ಬಳೆಗಳ ಹಿಂದೆ ದೊಡ್ಡ ಕಥೆಯಿದೆ ಎಂದು ಆಮೇಲೆ ಓದಿ ತಿಳಿದೆ. ಹಾರ್ವರ್ಡಿನ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಎಂಬಾತ, ದೇಶಗಳು ಮುಂದೆ ಬರುವುದು ಜನರಲ್ಲಿರುವ ಸಾಧನೆಯ ಹಸಿವಿನಿಂದ, ಆ ಹಸಿವನ್ನು ಕಲಿಸಿಕೊಡಲೂಬಹುದು ಎಂದು ವಾದಿಸಿದ. ಅದನ್ನು ಪರೀಕ್ಷಿಸಲು 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಆರಿಸಿಕೊಂಡು ತರಬೇತಿ ಶುರುಮಾಡಿಸಿದ. ಬಳೆಯಾಟ ಆತನ ಅಳತೆಗೋಲು. ತೀರಾ ಹತ್ತಿರ ನಿಲ್ಲುವವನು ಪುಕ್ಕಲ, ತೀರಾ ದೂರ ನಿಲ್ಲುವವನು ಜೂಜುಕೋರ, ನಡುವಿನ ಗೆರೆ ಆರಿಸುವವನು ಹುಟ್ಟು ಉದ್ಯಮಿ. ಹಾರ್ವರ್ಡಿನಿಂದ ಕಾಕಿನಾಡಕ್ಕೆ ಬಂದ ಬಳೆ, ಅಲ್ಲಿಂದ ಉದ್ಯಮಶೀಲತಾ ತರಬೇತಿಗಳ ಕೈಪಿಡಿ ಹತ್ತಿ, ಕೈಯಿಂದ ಕೈಗೆ ಉರುಳುತ್ತ ನಮ್ಮ ತಾಲ್ಲೂಕಿಗೂ ಬಂದಿತ್ತು.

ಆದರೆ ಮೆಕ್‌ಲೆಲೆಂಡ್ ನಮ್ಮ ಜಾತ್ರೆ ನೋಡಿರಲಿಲ್ಲ. ಬಳೆ ಎಸೆದು ಸೋಪಿನ ಡಬ್ಬಿ, ಪೌಡರು, ಬಾಚಣಿಗೆ ಗೆಲ್ಲುವ ಆಟವನ್ನು ನಮ್ಮ ಹುಡುಗರು ಬಾಲ್ಯದಿಂದ ಆಡಿ ಕೈ ಸೋತವರು. ಎಲ್ಲರೂ ಗಂಭೀರವಾಗಿ ನಡುಗೆರೆಯ ಮೇಲೆ ನಿಂತು ಎಸೆದು, ಒಂದೋ ಎರಡೋ ಬೀಳಿಸಿದೆವು. ನಾಪಾಸು ಕ್ವಾಲಿಫಿಕೇಷನ್ನಿನ ನಮ್ಮ ಹುಡುಗನ ಸರದಿ ಬಂತು. ಅವನು ಸೀದಾ ನಡೆದುಹೋಗಿ ಗೂಟದ ನೆತ್ತಿಯ ಮೇಲೆಯೇ ಬಗ್ಗಿ ನಿಂತು, ನಾಲ್ಕೂ ಬಳೆಗಳನ್ನು ಒಂದೊಂದಾಗಿ ಕೆಳಕ್ಕೆ ಬಿಟ್ಟ. ಟಪ್ ಟಪ್ ಟಪ್ ಟಪ್.

"ಅಲ್ಲಪ್ಪಾ, ಇದ್ರಲ್ಲಿ ಸವಾಲು ಎಲ್ಲಿ ಬಂತು?" ಅಂದರು ತರಬೇತಿದಾರರು.

"ಇಷ್ಟ ಬಂದ ಕಡೆ ನಿಂತ್ಕೊಳ್ಳಿ ಅಂತ ನೀವೇ ಅಂದ್ರಿ ಸಾರ್. ದೂರ ನಿಂತ್ಕೊಂಡು ಕಳ್ಕೊಳ್ಳೋದು ಯಾಕೆ?"

ಅವರು ತಮ್ಮ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಏನನ್ನೋ ಬರೆದುಕೊಂಡರು. ಒಳ್ಳೆಯದಿರಲಿಕ್ಕಿಲ್ಲ. ಸಂಜೆ ಬಸ್‌ ಸ್ಟಾಪಿನಲ್ಲಿ ಅದೇ ತರಬೇತಿದಾರರು ನಮ್ಮ ಜೊತೆ ಕಡಲೆಕಾಯಿ ಬಿಡಿಸುತ್ತ, ತಮಗೆ ಗೌರವಧನ ಬಂದು ನಾಲ್ಕು ತಿಂಗಳಾಯಿತೆಂದೂ, ತಾವು ಕಾಯಂ ನೌಕರರಲ್ಲವೆಂದೂ, ಸ್ವಂತಕ್ಕೆ ಏನಾದರೂ ಮಾಡಬೇಕೆಂದು ಬಹಳ ದಿನದಿಂದ ಇದೆ, ಧೈರ್ಯ ಸಾಲದು ಎಂದೂ ಹೇಳಿಕೊಂಡರು. ಬ್ಯಾಗಿನೊಳಗೆ ಗೂಟ ಗಡಗಡ ಅನ್ನುತ್ತಿತ್ತು.

ನಮ್ಮ ಮನೆಯಲ್ಲಿ ಮಾತ್ರ ಆ ದಿನಗಳು ಹಬ್ಬ. ಬೆಳಗ್ಗೆ ಇಸ್ತ್ರಿ ಅಂಗಿ, ಡಬ್ಬಿಗೆ ಚಿತ್ರಾನ್ನ, ಎಂಟೂವರೆ ಬಸ್ಸು. ಮನೆಯಿಂದ ಹೊತ್ತಿಗೆ ಸರಿಯಾಗಿ ಹೊರಡುವ ಮಗನನ್ನು ನೋಡುವುದೇ ನಮ್ಮಪ್ಪನಿಗೊಂದು ಸಂಭ್ರಮ. ಸಂತೆಯಲ್ಲಿ ಯಾರೋ ಕೇಳಿದ್ದಕ್ಕೆ, "ಸೆಂಟ್ರಲ್ ಗೌರ್ಮೆಂಟ್ ಟ್ರೈನಿಂಗಲ್ಲಿದಾನೆ" ಅಂದರಂತೆ. ಸುಳ್ಳೇನಲ್ಲ, ಪ್ರಧಾನಮಂತ್ರಿಯ ಹೆಸರಿನ ಕೇಂದ್ರದ ಯೋಜನೆಯೇ. ಬಾಯಿಂದ ಬಾಯಿಗೆ ಹೋಗುವಾಗ ಅದು ಡೆಲ್ಲಿಯ ಟ್ರೈನಿಂಗಾಗಿ, ಆಮೇಲೆ ಐಎಎಸ್ ಅಲ್ಲದಿದ್ದರೂ ಅದಕ್ಕೆ ಹತ್ತಿರದ ಏನೋ ಒಂದಾಗಿ, ಒಂದು ಭಾನುವಾರ ಅರಸೀಕೆರೆ ಕಡೆಯಿಂದ ಹೆಣ್ಣಿನ ಕಡೆಯವರು ಬಂದೇಬಿಟ್ಟರು. ಉಪ್ಪಿಟ್ಟು, ಕಾಫಿ ಆದ ಮೇಲೆ ಹಿರಿಯರು ನನ್ನ ಕಡೆ ತಿರುಗಿ, "ಪೋಸ್ಟಿಂಗ್ ಎಲ್ಲಾಗಬೋದು?" ಅಂದರು. "ಬಸ್ ಸ್ಟ್ಯಾಂಡ್ ಹತ್ರ ಒಂದು ಮಳಿಗೆ ನೋಡಿದೀವಿ" ಅಂದೆ. ಅವರು ಬಹಳ ಸಜ್ಜನರು. ಇನ್ನೊಂದು ಲೋಟ ಕಾಫಿ ಕುಡಿದೇ ಎದ್ದರು.

ಆ ಮಳಿಗೆ ನನಗೆ ದಕ್ಕಲಿಲ್ಲ. ಮಂಜೂರಾಗುವುದಕ್ಕೂ ಕೈಗೆ ಬರುವುದಕ್ಕೂ ನಡುವೆ ಒಂದು ಬ್ಯಾಂಕು ಇರುತ್ತದೆ. ಯೋಜನೆಯಲ್ಲಿ ಜಾಮೀನು ಬೇಡ ಎಂದಿದ್ದರೂ ಮ್ಯಾನೇಜರು, "ಬೇಡ ಅಂತ ಇದೆ, ನಿಜ. ಇದ್ರೆ ನನಗೊಂದು ಧೈರ್ಯ" ಅನ್ನುತ್ತಿದ್ದರು. ಈಗ ಯೋಚಿಸಿದರೆ ಅವರೂ ಗೂಟದ ನೆತ್ತಿಯ ಮೇಲೆ ನಿಂತು ಬಳೆ ಬಿಡುವ ಪೈಕಿಯೇ. ಅವರಿಗೆ ಮಾತ್ರ ಯಾರೂ ತರಬೇತಿ ಕೊಟ್ಟಿರಲಿಲ್ಲ. ಅಷ್ಟರಲ್ಲಿ ನನ್ನ ಸೋದರಮಾವ ಕೊಬ್ಬರಿ ಮಂಡಿಯಲ್ಲಿ ಪರಿಚಯವಿದ್ದ ಸಹಕಾರ ಸಂಘದ ಅಧ್ಯಕ್ಷರಿಗೆ ಒಂದು ಮಾತು ಹಾಕಿದರು. ಗುಮಾಸ್ತನಾದೆ. ಸರ್ಕಾರದ ಯಾವ ಯೋಜನೆಯ ಪಟ್ಟಿಯಲ್ಲೂ ಸೋದರಮಾವ ಇಲ್ಲ. ಆದರೂ ಇಂಡಿಯಾದಲ್ಲಿ ಅತಿ ಹೆಚ್ಚು ಜನಕ್ಕೆ ಉದ್ಯೋಗ ಕೊಟ್ಟ ಸಂಸ್ಥೆ ಅದೇ ಇರಬೇಕು ಎಂದು ನನ್ನ ಗುಮಾನಿ. ಸೋದರಮಾವ ಇಲ್ಲದವರ ಗತಿಯೇನು ಎಂಬಲ್ಲಿಗೆ ತಮಾಷೆ ನಿಲ್ಲುತ್ತದೆ.

ಬೂತು ಹಾಕದಿದ್ದದ್ದೇ ಒಳ್ಳೆಯದಾಯಿತು ಎಂದು ನಾನು ಸಮಾಧಾನ ಮಾಡಿಕೊಳ್ಳುವುದುಂಟು. ನಮ್ಮ ತರಬೇತಿ ಮುಗಿದ ಸ್ವಲ್ಪ ದಿನಕ್ಕೇ, 1995ರ ಜುಲೈ 31ರಂದು, ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಡೆಲ್ಲಿಯಲ್ಲಿದ್ದ ಟೆಲಿಕಾಂ ಮಂತ್ರಿ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ತರಬೇತಿಗಳ ಜಾತಕವೇ ಹಾಗೆ. ಯಾವ ಕೆಲಸ ಊರು ಬಿಡಲು ಗಂಟುಮೂಟೆ ಕಟ್ಟುತ್ತಿರುತ್ತದೋ ಅದನ್ನೇ ಹುಡುಕಿ ಕಲಿಸುತ್ತಾರೆ. ನಮ್ಮಕ್ಕ ಟ್ರೈಸೆಮ್ ತರಬೇತಿಗೆ ಹೋದವಳು. 1979ರ ಆಗಸ್ಟ್ 15ರಂದು ಗ್ರಾಮೀಣ ಯುವಜನರ ಸ್ವಯಂ ಉದ್ಯೋಗಕ್ಕೆಂದು ಹುಟ್ಟಿದ ಈ ಯೋಜನೆ ಇಪ್ಪತ್ತು ವರ್ಷ ಬಾಳಿ 1999ರಲ್ಲಿ ಇನ್ನೊಂದು ಯೋಜನೆಯಲ್ಲಿ ಲೀನವಾಯಿತು. ಅವಳು ಕಲಿತದ್ದು ಮೇಣದಬತ್ತಿ, ಸೀಮೆಸುಣ್ಣ, ಫಿನಾಯಿಲ್. ಅವಳ ಜೊತೆ ಕಲಿತ ಅಷ್ಟೂ ಹೆಂಗಸರು ಏಕಕಾಲಕ್ಕೆ ಫಿನಾಯಿಲ್ ತಯಾರಿಸಿದ್ದರಿಂದ ಕೊಳ್ಳುವವರು ಯಾರೂ ಉಳಿಯದೆ, ಒಬ್ಬರದನ್ನೊಬ್ಬರು ಕೊಂಡರು. ಆ ಬೇಸಿಗೆ ನಮ್ಮೂರಿನಷ್ಟು ಶುಭ್ರವಾದ ಬಚ್ಚಲುಗಳು ರಾಜ್ಯದಲ್ಲೇ ಇರಲಾರವು. ಸೀಮೆಸುಣ್ಣದ ಅಚ್ಚು ಈಗಲೂ ಅಟ್ಟದ ಮೇಲಿದೆ.

ಎಲ್ಲವೂ ಹೀಗೆಯೇ ಎಂದರೆ ಬಾಯಿಗೆ ಹುಳ ಬೀಳುತ್ತದೆ. ನಮ್ಮ ತಂಡದಲ್ಲಿದ್ದ ಇನ್ನೊಬ್ಬ ಗೆಳೆಯ ಉಜಿರೆಯ ರುಡ್‌ಸೆಟ್ ಸಂಸ್ಥೆಗೆ ಮೋಟಾರ್ ರಿವೈಂಡಿಂಗ್ ಕಲಿಯಲು ಹೋದ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಕಟ್ಟಿದ ಸಂಸ್ಥೆ ಅದು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಮುಂದೆ ಇದೇ ಮಾದರಿಯನ್ನು ಕೇಂದ್ರ ಸರ್ಕಾರ ದೇಶದ ಜಿಲ್ಲೆಜಿಲ್ಲೆಗೆ ಒಯ್ದಿತು. ಅಲ್ಲಿ ಬೆಳಗ್ಗೆ ಎಲ್ಲರೂ ಕೂತು, ನಿನ್ನೆ ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಯಾವುದು ಎಂದು ಒಬ್ಬೊಬ್ಬರಾಗಿ ಹೇಳುವ ಪದ್ಧತಿ. ಇವನು ಎದ್ದು ನಿಂತು, "ಈ ಕಡೆ ಸಾಂಬಾರಿಗೆ ಬೆಲ್ಲ ಹಾಕ್ತಾರೆ ಅಂತ ಕಲಿತೆ" ಅಂದನಂತೆ. ಹಾಗಂದವನು ತಾಮ್ರದ ತಂತಿ ಸುತ್ತುವುದನ್ನೂ ಕಲಿತ. ಎರಡು ವರ್ಷದವರೆಗೆ ಅವರು ಇವನ ಬೆನ್ನು ಬಿಡಲಿಲ್ಲ. ಸಾಲ ಸಿಕ್ಕಿತಾ, ಅಂಗಡಿ ಹಾಕಿದೆಯಾ ಎಂದು ವಿಚಾರಿಸಿಕೊಂಡೇ ಇದ್ದರು. ನಮ್ಮ ಸೀಮೆಯಲ್ಲಿ ಅಂತರ್ಜಲ ಇಳಿದಷ್ಟೂ ಬೋರ್‌ವೆಲ್ ಮೋಟಾರು ಸುಡುತ್ತವೆ, ಸುಟ್ಟಷ್ಟೂ ಅವನ ಅಂಗಡಿ ನಡೆಯುತ್ತದೆ. ಪಾಪದ ಲಾಭ ಅಂತ ಅವನೇ ನಗುತ್ತಾನೆ. ಹುಡುಗರನ್ನು ಜಮಖಾನದ ಮೇಲೆ ಕೂರಿಸಿ ಹುರುಪು ತುಂಬುವುದಕ್ಕಿಂತ ಕೈಗೆ ತಂತಿ ಕೊಡುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಆಮೇಲೆ ಹೋಗಿ ವಿಚಾರಿಸುವುದು ಇನ್ನೂ ವಾಸಿ.

2015ರ ಜುಲೈ 15ರಂದು ಕೌಶಲ ವಿಕಾಸದ ಹೊಸ ಯೋಜನೆ ಬಂದಾಗ ಇನ್ನೊಂದು ವಿಶೇಷ ನಡೆಯಿತು. ಆಗಲೇ ಕೆಲಸ ಬಲ್ಲವರಿಗೆ, ಬಲ್ಲಿರಿ ಎಂದು ಪ್ರಮಾಣಪತ್ರ ಕೊಡುವ ಏರ್ಪಾಡು. ನಮ್ಮೂರ ಟೈಲರ್ ಸಾಬರು ಮೂರು ತಲೆಮಾರಿನ ಯೂನಿಫಾರಂ ಹೊಲಿದವರು. ಅವರನ್ನೂ ಕೂರಿಸಿ ತೋಳು ಕತ್ತರಿಸಲು ಹೇಳಿದರು. ಪರೀಕ್ಷೆಗೆ ಬಂದಿದ್ದ ಹುಡುಗ ಟ್ಯಾಬ್ ಹಿಡಿದು ಫೋಟೋ ತೆಗೆಯುತ್ತ ಸುತ್ತು ಹಾಕುತ್ತಿದ್ದ. ಸಾಬರು ಕನ್ನಡಕದ ಮೇಲಿಂದ ಅವನನ್ನೇ ನೋಡಿ, "ತಮ್ಮಾ, ನಿನ್ನ ಪ್ಯಾಂಟಿನ ಹಿಂದ್ಗಡೆ ಹೊಲಿಗೆ ಬಿಡ್ತಾ ಇದೆ. ಪರೀಕ್ಷೆ ಮುಗೀಲಿ, ಹಾಕಿಕೊಡ್ತೀನಿ" ಅಂದರು. ಪಾಸಾದರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ್ದಾರೆ. ಮೊಮ್ಮಕ್ಕಳು ಯಾರೂ ಹೊಲಿಗೆಗೆ ಬರಲಿಲ್ಲ.

ಆಮೇಲೆ ನಮ್ಮಕ್ಕನ ಮಗಳ ಸರದಿ. ಬಿ.ಕಾಂ. ಮುಗಿಸಿದ್ದು 2023ರಲ್ಲಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಆದರೆ ಪಾಸಾದ ಮೇಲೆ 180 ದಿನ ಕೆಲಸವಿಲ್ಲದೆ ಇದ್ದು ತೋರಿಸಬೇಕು. ನಮ್ಮ ಕಾಲದಲ್ಲಿ ಪಾಸಾದ ಮರುದಿನವೇ ನಾವು ಪೂರ್ಣಪ್ರಮಾಣದ ನಿರುದ್ಯೋಗಿಗಳು. ಇವರಿಗೆ ಅದಕ್ಕೂ ಆರು ತಿಂಗಳ ಪ್ರೊಬೇಷನ್ನು. ಅದು ದಾಟಿದ ಮೇಲೂ ಪುರುಸೊತ್ತಿರಲಿಲ್ಲ. ಮೊದಮೊದಲು ಪ್ರತಿ ತಿಂಗಳೂ 25ನೇ ತಾರೀಖಿನೊಳಗೆ ಸೇವಾಸಿಂಧುವಿಗೆ ಹೋಗಿ, ನಾನು ಇನ್ನೂ ನಿರುದ್ಯೋಗಿ, ಮುಂದೆ ಓದುತ್ತಿಲ್ಲ, ಸ್ವಂತ ಉದ್ಯೋಗವನ್ನೂ ಮಾಡುತ್ತಿಲ್ಲ ಎಂದು ಘೋಷಿಸಿಕೊಳ್ಳಬೇಕಿತ್ತು. ಮೊಬೈಲಿಗೆ ಓಟಿಪಿ ಬರುತ್ತಿತ್ತು. ನಮ್ಮಪ್ಪ ಮೂರು ವರ್ಷಕ್ಕೊಮ್ಮೆ ಮರೆಯಲ್ಲಿ ಮಾಡಿಸುತ್ತಿದ್ದದ್ದನ್ನು ಈ ಹುಡುಗಿ ತಿಂಗಳಿಗೊಮ್ಮೆ ತಾನೇ ಮಾಡಿಕೊಳ್ಳುತ್ತಿದ್ದಳು, ಮುಖದಲ್ಲಿ ಒಂದು ಗೆರೆಯೂ ಆಚೀಚೆಯಾಗದೆ. ಬಂದ ಹಣವನ್ನು ಪರೀಕ್ಷೆಯ ಫೀಸಿಗೆ ಕಟ್ಟುತ್ತಿದ್ದಳು. ಒಂದು ಇಲಾಖೆ ಕೊಟ್ಟದ್ದನ್ನು ಇನ್ನೊಂದು ಇಲಾಖೆ ತೆಗೆದುಕೊಳ್ಳುತ್ತಿತ್ತು.

ಘೋಷಣೆ ಮಾಡಿಸಲು ಅವಳು ಹೋಗುತ್ತಿದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿಗೆ. ನಾನು ನೋಡಿಟ್ಟಿದ್ದ ಅದೇ ಮಳಿಗೆಯಲ್ಲಿ ಕೂತಿರುವವನು ಬಳೆ ಬಿಟ್ಟ ಹುಡುಗ. ಮ್ಯಾನೇಜರಿಗೆ ಧೈರ್ಯ ಕೊಡಲು ಅವನು ಅವರಪ್ಪನ ತೆಂಗಿನ ತೋಟದ ಪಹಣಿ ಒಯ್ದಿದ್ದ. ಎಸ್‌ಟಿಡಿ ಹಾಕಿದ, ಪಕ್ಕದಲ್ಲೇ ಜೆರಾಕ್ಸ್ ಇಟ್ಟ. ಬೂತು ಸತ್ತಾಗ ಗಾಜಿನ ಗೂಡಿನಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದ. ಆಮೇಲೆ ಕರೆನ್ಸಿ, ಆಮೇಲೆ ಆಧಾರ್, ಪಾನ್. ಈಗ ಬಾಗಿಲಲ್ಲಿ ಉದ್ದಕ್ಕೂ ಪಟ್ಟಿ ತೂಗುತ್ತದೆ: ಪಿಡಿಒ, ಕೆಎಸ್‌ಆರ್‌ಟಿಸಿ, ರೈಲ್ವೆ, ಟಿಇಟಿ, ಕೌಶಲ ತರಬೇತಿ, ಯುವನಿಧಿ, ಎಲ್ಲ ಅರ್ಜಿಗಳನ್ನೂ ಇಲ್ಲಿ ಹಾಕಿಕೊಡಲಾಗುವುದು. ಸರ್ಕಾರ ಹೊಸ ಯೋಜನೆ ತಂದಾಗಲೆಲ್ಲ ಅವನ ಅಂಗಡಿ ಮುಂದೆ ಸಾಲು. ಇಬ್ಬರು ಹುಡುಗರಿಗೆ ಸಂಬಳ ಕೊಡುತ್ತಾನೆ.

ಒಂದು 25ನೇ ತಾರೀಖು ಸಂಜೆ ನಾನೂ ಅವಳ ಜೊತೆ ಹೋಗಿದ್ದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಐದಾರು ಮಂದಿ ಬೆಂಚಿನ ಮೇಲೆ ಮೊಬೈಲು ಹಿಡಿದು ಕೂತಿದ್ದರು. "ಸರ್ವರ್ ಇಲ್ಲ ಕಣಮ್ಮ. ಇವತ್ತು ಆಗದಿದ್ರೆ ಈ ತಿಂಗ್ಳು ನೀನು ನಿರುದ್ಯೋಗಿ ಅಲ್ಲ" ಅಂದ ಅವನು. "ಹಾಗಾದ್ರೆ ಏನು ಅಂಕಲ್ ನಾನು?" ಅಂದಳು ಇವಳು. ಅದಕ್ಕೆ ಅವನ ಹತ್ತಿರ ಅರ್ಜಿ ನಮೂನೆ ಇರಲಿಲ್ಲ. ಕೀಲಿ ಒತ್ತುತ್ತಲೇ ನನ್ನ ಕಡೆ ಒಂದು ಸ್ಟೂಲು ತಳ್ಳಿ ಟೀಗೆ ಹೇಳಿ ಕಳಿಸಿದ.

ಅಷ್ಟರಲ್ಲಿ ಅಕ್ಕನ ಫೋನು. ಸ್ಪೀಕರಿಗೆ ಹಾಕಿದಳು. ಮನೆಗೆ ಯಾರೋ ಬಂದಿದ್ದಾರೆ, ಕಡೂರು ಕಡೆಯವರು, ಹುಡುಗ ಬೆಂಗಳೂರಲ್ಲಿದ್ದಾನೆ, ಇವಳು ಏನು ಮಾಡಿಕೊಂಡಿದ್ದಾಳೆ ಎಂದು ಕೇಳುತ್ತಿದ್ದಾರೆ, ಏನಂತ ಹೇಳಲಿ ಎಂದು ಪಿಸುದನಿಯಲ್ಲಿ ಕೇಳಿದಳು ಅಕ್ಕ. ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಕೌಂಟರಿನ ಹಿಂದಿನಿಂದ ಅವನು ಕೂಗಿದ:

"ಸರ್ವರ್ ಬಂದ್ಮೇಲೆ ತಿಳಿಸ್ತೀವಿ, ಕಾಫಿ ಕುಡೀತಾ ಇರ್ಲಿ ಅನ್ನಿ ಅಕ್ಕಾ!"